ಪೊನ್ನಾನಿಯ ಕಾಲೇಜಿನಿಂದ ನ್ಯಾನೋ ಫಿಲ್ಟರ್‌ವರೆಗೆ

ನೀರಿನಲ್ಲಿ ಕಾಣುವ ಕಸವನ್ನು ಬಟ್ಟೆಯಲ್ಲಿ ಸೋಸಬಹುದು. ರೋಗಾಣುಗಳು ಕುದಿಸಿದರೆ ಸಾಯುತ್ತವೆ. ಆದರೆ ಕರಗಿರುವ ಆರ್ಸೆನಿಕ್ ಕುದಿಸಿದರೂ ಹೋಗುವುದಿಲ್ಲ. ನೀರು ಆವಿಯಾದಂತೆ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಇನ್ನಷ್ಟು ಹೆಚ್ಚುತ್ತದೆ. ಇಂತಹ ವಿಷಗಳನ್ನು ನೀರಿನಿಂದ ತೆಗೆಯುವ ದಾರಿ ಹುಡುಕಿದವರಲ್ಲಿ ಐಐಟಿ ಮದ್ರಾಸ್‌ನ ಪ್ರೊ. ಟಿ. ಪ್ರದೀಪ್ ಪ್ರಮುಖರು.

1963ರಲ್ಲಿ ಕೇರಳದಲ್ಲಿ ಜನಿಸಿದ ಇವರ ತಂದೆ ತಾಯಿ ಇಬ್ಬರೂ ಶಾಲಾ ಶಿಕ್ಷಕರು. ಇವರು ಓದಿದ್ದು ಪೊನ್ನಾನಿಯ ಎಂ.ಇ.ಎಸ್. ಕಾಲೇಜು, ತ್ರಿಶೂರಿನ ಸೇಂಟ್ ಥಾಮಸ್ ಕಾಲೇಜು ಮತ್ತು ಕೋಝಿಕ್ಕೋಡಿನ ಫಾರೂಕ್ ಕಾಲೇಜಿನಲ್ಲಿ. ಇವುಗಳಲ್ಲಿ ಎರಡು, ನಮ್ಮ ಕಾಲೇಜಿನಂತೆಯೇ, ಮುಸ್ಲಿಂ ಆಡಳಿತದ ಸಂಸ್ಥೆಗಳು. ನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡಿ, ಅಮೆರಿಕದಲ್ಲಿ ಸಂಶೋಧನೆ ಮುಗಿಸಿ, 1993ರಲ್ಲಿ ಐಐಟಿ ಮದ್ರಾಸ್ ಸೇರಿದರು.

ನ್ಯಾನೋ ಕಣಗಳ ಗುಟ್ಟು ಏನು? ಒಂದು ಸೆಂಟಿಮೀಟರ್ ಘನದ ಮೇಲ್ಮೈ 6 ಚದರ ಸೆಂ.ಮೀ. ಅದನ್ನೇ 10 ನ್ಯಾನೋಮೀಟರ್ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 600 ಚದರ ಮೀಟರ್! ವಸ್ತು ಅಷ್ಟೇ, ಆದರೆ ವಿಷದ ಅಣುಗಳು ಅಂಟಿಕೊಳ್ಳಲು ಜಾಗ ಹತ್ತು ಲಕ್ಷ ಪಟ್ಟು. ಹೀಗೆ ಮೇಲ್ಮೈಗೆ ಅಂಟಿಕೊಳ್ಳುವುದನ್ನೇ ನಾವು ಪಾಠದಲ್ಲಿ ಅಡ್ಸಾರ್ಪ್ಷನ್ ಎಂದು ಓದುತ್ತೇವೆ.

ಬೆಳ್ಳಿಯ ನ್ಯಾನೋ ಕಣಗಳು ಕಾರ್ಬನ್ ಟೆಟ್ರಾಕ್ಲೋರೈಡನ್ನು ಒಡೆದು ಸಿಲ್ವರ್ ಕ್ಲೋರೈಡ್ ಮತ್ತು ಇಂಗಾಲವಾಗಿಸುತ್ತವೆ ಎಂದು 2003ರಲ್ಲಿ ಪ್ರದೀಪ್ ತಂಡ ತೋರಿಸಿತು. ಎಂಡೋಸಲ್ಫಾನ್ ಕೂಡ ಚಿನ್ನ ಮತ್ತು ಬೆಳ್ಳಿಯ ನ್ಯಾನೋ ಕಣಗಳಿಗೆ ಅಂಟುತ್ತದೆ ಎಂದು ಕಂಡುಕೊಂಡರು. ಗೇರು ತೋಟಗಳಿಗೆ ಸಿಂಪಡಿಸಿದ ಈ ಕೀಟನಾಶಕದಿಂದ ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಕೊಕ್ಕಡದಂತಹ ಊರುಗಳು ಅನುಭವಿಸಿದ ನೋವು ನಮಗೆಲ್ಲ ಗೊತ್ತು. ಈ ಸಂಶೋಧನೆಯಿಂದ ಹುಟ್ಟಿದ ಕೀಟನಾಶಕ ತೆಗೆಯುವ ಫಿಲ್ಟರ್ 2007ರಲ್ಲಿ ಮಾರುಕಟ್ಟೆಗೆ ಬಂತು.

ಆರ್ಸೆನಿಕ್‌ಗಾಗಿ ತಯಾರಾದದ್ದು 'ಅಮೃತ್' ತಂತ್ರಜ್ಞಾನ. ಇದರಲ್ಲಿ ಬೆಳ್ಳಿಯ ಬದಲು ಅಗ್ಗದ ಕಬ್ಬಿಣದ ಸಂಯುಕ್ತವಿದೆ. ಕಣಗಳು ನೀರಿನೊಡನೆ ಹರಿದು ಹೋಗದಂತೆ ಸಿಗಡಿ ಚಿಪ್ಪಿನಿಂದ ಸಿಗುವ ಕೈಟೋಸಾನ್ ಅವನ್ನು ಹಿಡಿದಿಡುತ್ತದೆ. ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಹತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ಈ ತಂತ್ರಜ್ಞಾನದಿಂದ ಶುದ್ಧ ನೀರು ಸಿಗುತ್ತಿದೆ. 2020ರಲ್ಲಿ ಪ್ರದೀಪ್ ಅವರಿಗೆ ಪದ್ಮಶ್ರೀ ಬಂತು. 2022ರಲ್ಲಿ ಸೌದಿ ಅರೇಬಿಯಾದ ಪ್ರಿನ್ಸ್ ಸುಲ್ತಾನ್ ಅಂತರರಾಷ್ಟ್ರೀಯ ಜಲ ಪ್ರಶಸ್ತಿಯೂ ಸಂದಿತು.

ಪಿಯುಸಿ ವಿಜ್ಞಾನ ಎಂದರೆ ನೀಟ್ ಅಥವಾ ಸಿಇಟಿ ಮಾತ್ರ ಎಂದುಕೊಂಡಿರುವ ಗೆಳೆಯ ಗೆಳತಿಯರೇ, ಬಿಎಸ್ಸಿ ಕೂಡ ಒಂದು ದಾರಿ. ಅದರ ನಂತರ ಜಾಮ್ ಪರೀಕ್ಷೆ ಬರೆದು ಐಐಟಿಗಳಲ್ಲಿ ಎಂಎಸ್ಸಿ, ಮುಂದೆ ನೆಟ್ ಫೆಲೋಶಿಪ್‌ನೊಂದಿಗೆ ಸಂಶೋಧನೆ ಮಾಡಬಹುದು. ಬಾಯಾರಿದವರಿಗೆ ನೀರು ಕೊಡುವುದು ಸದಕಾ ಎಂದು ಮನೆಯಲ್ಲಿ ಕಲಿತವರು ನಾವು. ಆ ನೀರನ್ನು ವಿಷಮುಕ್ತ ಮಾಡುವ ವಿದ್ಯೆಯನ್ನೂ ಕಲಿಯೋಣ.