ಹಾಡಿಗೂ ಸೈ, ನಾಟಕಕ್ಕೂ ಸೈ: ಹುಣಸೂರು ಕೃಷ್ಣಮೂರ್ತಿ ಎಂಬ ಲೇಖನಿ

ಬೆಂಗಳೂರು: ಉಪ್ಪಾರಪೇಟೆಗೆ ಹೊಂದಿಕೊಂಡ ಕೆಂಪೇಗೌಡ ರಸ್ತೆಯಲ್ಲಿ ಚಿತ್ರಮಂದಿರಗಳು ಸಾಲುಗಟ್ಟಿ ನಿಂತಿದ್ದ ಕಾಲದಲ್ಲಿ ಪ್ರೇಕ್ಷಕರು ಹಾಡು ಗುನುಗುತ್ತಲೇ ಹೊರಬರುತ್ತಿದ್ದರು. ನಟ ಯಾರು, ಗಾಯಕ ಯಾರು ಎಂಬುದು ಅವರಿಗೆ ತಿಳಿದಿತ್ತು. ಬರೆದವರು ಯಾರೆಂದು ಕೇಳಿದವರು ವಿರಳ. ಕೇಳಿದ್ದರೆ ಮತ್ತೆ ಮತ್ತೆ ಸಿಗುತ್ತಿದ್ದ ಹೆಸರುಗಳಲ್ಲೊಂದು ಹುಣಸೂರು ಕೃಷ್ಣಮೂರ್ತಿ (1914–1989).

ಹುಣಸೂರು ಅವರು ವೃತ್ತಿ ರಂಗಭೂಮಿಯ ಗರಡಿಯಲ್ಲಿ ಪಳಗಿದವರು. ಕಂಪನಿ ನಾಟಕದಲ್ಲಿ ಮಾತು ಬರೆಯುವವನೇ ಹಾಡನ್ನೂ ಕಟ್ಟಬೇಕಿತ್ತು; ಆತನನ್ನು 'ಕವಿ' ಎಂದೇ ಕರೆಯುತ್ತಿದ್ದರು. ಅಲ್ಲಿ ಹಾಡು ಕಥೆಗೆ ಅಂಟಿಸಿದ ಅಲಂಕಾರವಲ್ಲ. ಮಾತು ನಿಂತಲ್ಲಿಂದ ಹಾಡು ಕಥೆಯನ್ನು ಮುಂದೊಯ್ಯುತ್ತಿತ್ತು.

ಈ ಪಾಠವನ್ನೇ ಅವರು ಚಿತ್ರರಂಗಕ್ಕೆ ತಂದರು. 1965ರ 'ಸತ್ಯ ಹರಿಶ್ಚಂದ್ರ'ದಲ್ಲಿ ವೀರಬಾಹು ಪಾತ್ರಧಾರಿ ಎಂ.ಪಿ. ಶಂಕರ್ ಅವರಿಗಾಗಿ ಬರೆದ, ಘಂಟಸಾಲ ಹಾಡಿದ ಗೀತೆ ಜಾತಿಯ ಮೇಲುಕೀಳನ್ನು ನೇರವಾಗಿ ಪ್ರಶ್ನಿಸುತ್ತದೆ. 1977ರ 'ಬಭ್ರುವಾಹನ'ದಲ್ಲಿ ತಂದೆ-ಮಗನ ವಾಗ್ಯುದ್ಧವೇ ಹಾಡಾಗಿದೆ. ರೋಚಕ ಕಥೆಯ 'ರತ್ನಮಂಜರಿ' (1962), ಭಕ್ತಿಪ್ರಧಾನ 'ಭಕ್ತ ಕುಂಬಾರ' (1974) ಕೂಡ ಅವರ ನಿರ್ದೇಶನದವು. 'ಸತ್ಯ ಹರಿಶ್ಚಂದ್ರ' ರಾಷ್ಟ್ರಪತಿಗಳ ಬೆಳ್ಳಿ ಪದಕ ಪಡೆಯಿತು. 2008ರಲ್ಲಿ ವರ್ಣರೂಪದಲ್ಲಿ ಮರುಬಿಡುಗಡೆಯೂ ಆಯಿತು.

ಇಷ್ಟಾದರೂ ಸಾಹಿತ್ಯ ಚರಿತ್ರೆಯಲ್ಲಿ ಇಂಥವರಿಗೆ ದೊರೆತ ಜಾಗ ಕಡಿಮೆ. ಜನಪ್ರಿಯ ಬರಹದ ಕುರಿತ ಈ ಅನಾದರ ಚಿತ್ರಗೀತೆಗಷ್ಟೇ ಸೀಮಿತವಲ್ಲ. ನಾಲ್ಕನೇ ತರಗತಿಯವರೆಗೆ ಓದಿ, ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿ, ಸುಮಾರು 500 ಕಾದಂಬರಿ ಬರೆದ ಎನ್. ನರಸಿಂಹಯ್ಯ ಅವರೂ 2011ರಲ್ಲಿ ನಿಧನರಾಗುವವರೆಗೆ ಓದುಗರ ಪ್ರೀತಿ ಗಳಿಸಿದಷ್ಟು ವಿಮರ್ಶಕರ ಗಮನ ಗಳಿಸಲಿಲ್ಲ.

ಮನ್ನಣೆಯ ಜೊತೆಗೆ ಸಂಭಾವನೆಯ ಪ್ರಶ್ನೆಯೂ ಇದೆ. ಚಿತ್ರಮಂದಿರದ ಪ್ರದರ್ಶನದ ಹೊರತಾಗಿ ಹಾಡು ಬಳಕೆಯಾದಾಗ ಗೀತರಚನಕಾರನಿಗೆ ಗೌರವಧನದಲ್ಲಿ ಸಮಪಾಲು ಸಲ್ಲಬೇಕು, ಆ ಹಕ್ಕನ್ನು ನಿರ್ಮಾಪಕರಿಗೆ ಬರೆದುಕೊಡುವಂತಿಲ್ಲ ಎಂಬ ನಿಯಮ ಬಂದದ್ದು 2012ರ ಕೃತಿಸ್ವಾಮ್ಯ ತಿದ್ದುಪಡಿ ಕಾಯ್ದೆಯಿಂದ. ಅಷ್ಟರಲ್ಲಿ ಹುಣಸೂರು ಅವರು ತೀರಿಕೊಂಡು 23 ವರ್ಷಗಳಾಗಿದ್ದವು.

ಕಾನೂನು ಹಣದ ಲೆಕ್ಕ ನೋಡಿಕೊಳ್ಳಬಹುದು. ಹಾಡಿನೊಂದಿಗೆ ಬರೆದವರ ಹೆಸರನ್ನೂ ಹೇಳುವುದು ಮಾತ್ರ ಕೇಳಿಸುವವರ, ಕೇಳುವವರ ಕೈಯಲ್ಲೇ ಇದೆ.