ಒಣಗಿದಂತೆ ಕಂಡ ಬೇವಿಗೆ ಕೊಡಲಿ ಇಡುವ ಮುನ್ನ...

ಹೈದರಾಬಾದ್: ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಹೈದರಾಬಾದಿನಲ್ಲಿ ನೆಲೆ ನಿಂತ ಕನ್ನಡಿಗರಿಗೆ ಬೇವಿನ ಮರ ಹೊಸದಲ್ಲ. ಊರಲ್ಲಿ ಕಟ್ಟೆಯ ಬಳಿ, ಹೊಲದ ಬದುವಿನಲ್ಲಿ ಕಂಡ ಅದೇ ಮರ ಇಲ್ಲಿ ಕಾಲನಿಯ ರಸ್ತೆಯಂಚಿನಲ್ಲಿ, ಅಪಾರ್ಟ್‌ಮೆಂಟಿನ ಕಾಂಪೌಂಡಿನಲ್ಲಿ ನೆರಳು ಕೊಡುತ್ತ ನಿಂತಿದೆ. ಯುಗಾದಿಯ ಬೇವು-ಬೆಲ್ಲಕ್ಕೆ ಹೂವು, ಮಕ್ಕಳಿಗೆ ‘ಅಮ್ಮ’ ಆದರೆ ಹಾಸಿಗೆಗೆ ಸೊಪ್ಪು, ಅಕ್ಕಿ ಡಬ್ಬಿಗೆ ಹುಳು ಹಿಡಿಯದಂತೆ ನಾಲ್ಕು ಒಣಗಿದ ಎಲೆ... ಹೀಗೆ ಮನೆಯ ಹಲವು ಕೆಲಸಗಳಿಗೆ ಬರುವ ಮರ ಇದು. ಬೇರೆ ಗಿಡಗಳ ಕೀಟಕ್ಕೆ ಬೇವಿನೆಣ್ಣೆಯೇ ಮದ್ದು. ಹಾಗಿರುವಾಗ ಬೇವಿಗೇ ರೋಗ ಬರುತ್ತದೆಂದು ಯಾರು ತಾನೇ ಎಣಿಸಿಯಾರು?

ಆದರೆ ಬಂತು. 2021ರ ಮಳೆಗಾಲ ಕಳೆಯುತ್ತಿದ್ದಂತೆ ಹೈದರಾಬಾದ್ ಸೇರಿದಂತೆ ತೆಲಂಗಾಣದ ಹಲವೆಡೆ ಬೇವಿನ ಮರಗಳು ಬೆಂಕಿಯ ಝಳ ತಾಗಿದಂತೆ ಕಂದು ಬಣ್ಣಕ್ಕೆ ತಿರುಗಿದವು. ಹಸಿರಾಗಿರಬೇಕಾದ ಕಾಲದಲ್ಲಿ ರೆಂಬೆಗಳ ತುದಿ ಒಣಗಿ, ಸುಟ್ಟಂತಹ ಎಲೆಗಳು ಅಲ್ಲೇ ಜೋತುಬಿದ್ದವು. ಇಂತಹ ಮರ ಕಂಡೊಡನೆ ಮನುಷ್ಯನಿಗೆ ಹೊಳೆಯುವುದು ಒಂದೇ ದಾರಿ: ಮರ ಸತ್ತಿದೆ, ಯಾರ ತಲೆಯ ಮೇಲಾದರೂ ಬೀಳುವ ಮುನ್ನ ಕಡಿಸಿಬಿಡೋಣ. ಸಂಘದ ಕಟ್ಟಡದ ಅಂಗಳವಿರಲಿ, ಫ್ಲ್ಯಾಟ್ ಮಾಲೀಕರ ಸಮಿತಿಯ ಸಭೆಯಿರಲಿ, ಈ ಮಾತು ಬಂದೇ ಬರುತ್ತದೆ. ಹೀಗೆ ಅವಸರದಲ್ಲಿ ಕಡಿಸಿದ ಮರಗಳಲ್ಲಿ ಬದುಕುವಂಥವೂ ಇರಬಹುದು ಎಂಬುದೇ ಬೇಸರದ ಸಂಗತಿ. ಯಾಕೆಂದರೆ ಆ ವರ್ಷ ಸತ್ತಂತೆ ಕಂಡ ಅನೇಕ ಬೇವುಗಳು ಮುಂದಿನ ಬೇಸಿಗೆಯ ಹೊತ್ತಿಗೆ ಮತ್ತೆ ಚಿಗುರಿದವು.

ಈ ಕಾಯಿಲೆಯನ್ನು ತುದಿ ಒಣಗುವ ರೋಗ ಎನ್ನಬಹುದು. ಇಂಗ್ಲಿಷಿನಲ್ಲಿ ‘ಡೈಬ್ಯಾಕ್’ ಎಂದು ಹೆಸರು. ಕಾರಣ ಫೋಮಾಪ್ಸಿಸ್ ಅಜಾಡಿರಕ್ಟೆ ಎಂಬ ಶಿಲೀಂಧ್ರ. ಕನ್ನಡಿಗರು ತಿಳಿಯಬೇಕಾದ ವಿಷಯವೆಂದರೆ, ಈ ಶಿಲೀಂಧ್ರವನ್ನು ಹೊಸ ಪ್ರಭೇದವೆಂದು ಗುರುತಿಸಿ 1997ರಲ್ಲಿ ಜಗತ್ತಿಗೆ ತಿಳಿಸಿದವರು ಮೈಸೂರು ವಿಶ್ವವಿದ್ಯಾನಿಲಯದ ಸಂಶೋಧಕರು. ಅಂದರೆ ಹೈದರಾಬಾದಿನ ಬೀದಿಗಳಲ್ಲಿ ಜನ ಗಾಬರಿಯಾಗುವುದಕ್ಕೆ ಎರಡು ದಶಕಕ್ಕೂ ಮೊದಲೇ ಮೈಸೂರಿನಲ್ಲಿ ಈ ರೋಗದ ಜಾತಕ ಬರೆದಾಗಿತ್ತು. ಮಳೆ ಹಿಡಿಯುತ್ತಿದ್ದಂತೆ ಕಾಣಿಸಿಕೊಂಡು, ಮಳೆಗಾಲದ ಕೊನೆಗೆ ಮತ್ತು ಚಳಿಗಾಲದ ಆರಂಭಕ್ಕೆ ಉಲ್ಬಣಿಸುವುದು ಇದರ ಸ್ವಭಾವ. ಎಳೆ ಸಸಿಗೂ ಬರುತ್ತದೆ, ಅಜ್ಜನ ಕಾಲದ ಮರಕ್ಕೂ ಬರುತ್ತದೆ. ರೆಂಬೆ ಒಣಗಿಸಿ ಸುಮ್ಮನಾಗುವುದಿಲ್ಲ. ಹೂಗೊಂಚಲನ್ನು ಕರಟಿಸಿ, ಕಾಯಿಯನ್ನು ಕೊಳೆಸಿ ಬೀಜದೊಳಕ್ಕೂ ಇಳಿಯುತ್ತದೆ. ಆದ್ದರಿಂದ ರೋಗದ ಮರದಡಿ ಬಿದ್ದ ಬೀಜದಿಂದ ಸಸಿ ಮಾಡಿ ಇನ್ನೊಂದು ಕಾಲನಿಗೆ ಹಂಚಿದರೆ, ವನಮಹೋತ್ಸವದ ಹೆಸರಲ್ಲಿ ರೋಗವನ್ನೇ ಹಂಚಿದಂತೆ.

ಶಿಲೀಂಧ್ರಕ್ಕೆ ಜೊತೆಗಾರ ಕೀಟವೊಂದಿದೆ. ಕರಾವಳಿಯ ಗೇರು ಬೆಳೆಗಾರರಿಗೆ ಚೆನ್ನಾಗಿ ಪರಿಚಯವಿರುವ ‘ಟೀ ಸೊಳ್ಳೆ’ ಅದು. ಹೆಸರು ಸೊಳ್ಳೆಯಾದರೂ ಜಾತಿ ತಿಗಣೆಯದು. ಉದ್ದ ಕಾಲು, ಬಡಕಲು ಮೈ ನೋಡಿ ಜನ ಹಾಗೆ ಕರೆದರು. ಎಳೆ ಚಿಗುರಿಗೆ ಸೂಜಿಯಂತಹ ಬಾಯಿ ಚುಚ್ಚಿ ರಸ ಹೀರುತ್ತದೆ. ಅದರ ಜೊಲ್ಲು ವಿಷ. ಚುಚ್ಚಿದ ಜಾಗ ಕಪ್ಪಾಗಿ, ಅಂಟು ಒಸರಿ, ಚಿಗುರು ಬಾಡುತ್ತದೆ. ಆ ಗಾಯ ಶಿಲೀಂಧ್ರಕ್ಕೆ ತೆರೆದ ಬಾಗಿಲು.

ಹಾಗಾದರೆ ಮರ ಸತ್ತಿದೆಯೋ ಬದುಕಿದೆಯೋ ತಿಳಿಯುವುದು ಹೇಗೆ? ಮೊದಲು ಕಾಲ ನೋಡಬೇಕು. ಫೆಬ್ರವರಿ-ಮಾರ್ಚಿನಲ್ಲಿ ಬೇವು ತಾನಾಗಿಯೇ ಹಳೆಯ ಎಲೆ ಉದುರಿಸಿ ಕೆಂಬಣ್ಣದ ಹೊಸ ಚಿಗುರು ತರುತ್ತದೆ. ಅದು ರೋಗವಲ್ಲ. ಮಳೆಗಾಲದಲ್ಲಿ ತುದಿಯಿಂದ ಕೆಳಕ್ಕೆ ಒಣಗುತ್ತ ಬಂದರೆ ಅನುಮಾನ ಪಡಬೇಕು. ಆಗ ಒಣಗಿದ ತುದಿ ಬಿಟ್ಟು ಕೆಳಗಿನ ಕೊಂಬೆಯ ತೊಗಟೆಯನ್ನು ಉಗುರಿನಿಂದಲೋ ಚಾಕುವಿನಿಂದಲೋ ಚೂರು ಕೆರೆದು ನೋಡಿದರಾಯಿತು. ಒಳಗೆ ಹಸಿರು, ಹಸಿ ಕಂಡರೆ ಆ ಕೊಂಬೆಗೆ ಜೀವವಿದೆ. ಕಂದಾಗಿ ಒಣಗಿದ್ದರೆ ಇನ್ನೂ ಕೆಳಗೆ ಕೆರೆಯಬೇಕು. ಒಂದೇ ಕೊಂಬೆ ನೋಡಿ ತೀರ್ಪು ಕೊಡಬಾರದು. ಬುಡದವರೆಗೂ ಹಸಿರಿಲ್ಲದೆ, ಒಂದು ಬೇಸಿಗೆ ಕಳೆದರೂ ಚಿಗುರದಿದ್ದರೆ ಮಾತ್ರ ಮರದ ಆಸೆ ಬಿಡಬಹುದು. ಒಣಗಿದ ದಪ್ಪ ಕೊಂಬೆ ದಾರಿಯ ಮೇಲೆ ಚಾಚಿದ್ದರೆ ಅದನ್ನಷ್ಟೇ ಮೊದಲು ತೆಗೆಸುವುದು ಬೇರೆ ಮಾತು. ಅದರಲ್ಲಿ ತಡ ಮಾಡಬಾರದು.

ಚಿಕಿತ್ಸೆಯ ಮೊದಲ ಹೆಜ್ಜೆ ಕತ್ತರಿ. ಮಳೆಯಿಲ್ಲದ ದಿನ ನೋಡಿ, ಒಣಗಿದ ಭಾಗಕ್ಕಿಂತ ಒಂದಷ್ಟು ಕೆಳಗೆ, ಹಸಿ ಮರ ಸಿಗುವಲ್ಲಿ ಕತ್ತರಿಸಬೇಕು. ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ ಗರಗಸ ಒರೆಸಿ ಸ್ವಚ್ಛ ಮಾಡಬೇಕು. ಕತ್ತರಿಸಿದ ರೆಂಬೆಗಳನ್ನು ಅದೇ ಬುಡದಲ್ಲಿ ರಾಶಿ ಹಾಕಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಮುಂದಿನ ಮಳೆಗೆ ಶಿಲೀಂಧ್ರ ಅಲ್ಲಿಂದಲೇ ಏಳುತ್ತದೆ. ಕೂಲಿಯವರು ‘ಇಡೀ ತಲೆ ಬೋಳಿಸಿಬಿಡೋಣ ಸಾರ್’ ಎಂದರೆ ಒಪ್ಪಬಾರದು. ಹಸಿರೆಲೆಯಿಲ್ಲದ ಮರ ಊಟವಿಲ್ಲದ ರೋಗಿಯಂತೆ.

ಮದ್ದಿನ ವಿಷಯದಲ್ಲಿ ಗೊಂದಲವೇ ಹೆಚ್ಚು. ಕಾರ್ಬೆಂಡಜಿಮ್‌ನಂತಹ ಶಿಲೀಂಧ್ರನಾಶಕ ಶಿಲೀಂಧ್ರವನ್ನು ಹತ್ತಿಕ್ಕೀತೇ ಹೊರತು ಕೀಟವನ್ನು ಕೊಲ್ಲದು. ಕೀಟನಾಶಕ ಶಿಲೀಂಧ್ರದ ತಂಟೆಗೆ ಹೋಗದು. ಯಾವುದು ಬೇಕು, ಎಷ್ಟು ಬೇಕು ಎಂಬುದನ್ನು ಕೃಷಿ ವಿಶ್ವವಿದ್ಯಾಲಯದವರಲ್ಲೋ ತೋಟಗಾರಿಕೆ ಇಲಾಖೆಯವರಲ್ಲೋ ಕೇಳಿಯೇ ನಿರ್ಧರಿಸಬೇಕು. ಮೂರಂತಸ್ತು ಎತ್ತರದ ಮರಕ್ಕೆ ವಿಷ ಸಿಂಪಡಿಸಿದರೆ ಅದು ಬಾಲ್ಕನಿಯ ಬಟ್ಟೆಯ ಮೇಲೆ, ತೆರೆದ ನೀರಿನ ಸಂಪಿಗೆ, ಆಡುವ ಮಕ್ಕಳ ಮೇಲೆ ಬೀಳುವುದಿಲ್ಲ ಎಂದು ಯಾರೂ ಭರವಸೆ ಕೊಡಲಾರರು. ಬುಡಕ್ಕೆ ಸುಣ್ಣ-ಕೆಮ್ಮಣ್ಣು ಬಳಿಯುವುದಂತೂ ನೋಡಲು ಚೆಂದ, ಅಷ್ಟೇ. ರೋಗ ಇರುವುದು ತುದಿಯಲ್ಲಿ.

ಬುಡಕ್ಕೆ ಬೇಕಾದ್ದು ಬೇರೆ. ಕಾಂಡಕ್ಕೆ ಒತ್ತಿ ಹಾಕಿದ ಸಿಮೆಂಟ್, ಪೇವರ್ ಬ್ಲಾಕ್ ತೆಗೆದು ಸುತ್ತ ಮಣ್ಣು ಬಿಡುವುದು, ಬೇಸಿಗೆಯಲ್ಲಿ ನೀರುಣಿಸುವುದು, ಫಲಕಗಳಿಗೆ ಹೊಡೆದ ಮೊಳೆ ಕೀಳುವುದು. ಬೇರು ಉಸಿರಾಡಿದರೆ ಮರಕ್ಕೆ ರೋಗ ತಾಳುವ ಶಕ್ತಿ ಹೆಚ್ಚುತ್ತದೆ. ಕಾಚಿಗುಡ, ಬರ್ಕತ್‌ಪುರದಂತಹ ಹಳೆಯ ಬಡಾವಣೆಗಳಲ್ಲಿ ಮನೆಯೊಡೆದು ಫ್ಲ್ಯಾಟ್ ಕಟ್ಟುವಾಗ ಉಳಿಸಿದ ಮರದ ಬುಡಕ್ಕೆ ಅಂಗೈಯಗಲ ಮಣ್ಣೂ ಇರುವುದಿಲ್ಲ.

ಇಷ್ಟಾದ ಮೇಲೂ ಕಡಿಯಲೇಬೇಕೆಂದಾದರೆ ಅನುಮತಿ ಅಗತ್ಯ. ಅವಿಭಜಿತ ಆಂಧ್ರದಲ್ಲಿ 2002ರಲ್ಲಿ ಬಂದ ನೀರು, ಭೂಮಿ ಮತ್ತು ಮರಗಳ ಕಾಯ್ದೆ, ಅಂದರೆ ‘ವಾಲ್ಟಾ’, ತೆಲಂಗಾಣಕ್ಕೂ ಅನ್ವಯಿಸುತ್ತದೆ. ನಮ್ಮ ಕಾಂಪೌಂಡ್, ನಮ್ಮ ಮರ ಎಂಬ ವಾದ ಅಲ್ಲಿ ನಡೆಯದು.

ಕೊನೆಗೆ ಹಬ್ಬದ ಮಾತು. ಮದ್ದು ಹೊಡೆಸಿದ ಮರದ ಹೂವು, ಚಿಗುರನ್ನು ಆ ಸಲದ ಯುಗಾದಿಗೆ ಬಳಸಬಾರದು. ಬೇವು ತೊಳೆದರಾಯಿತು ಎಂದುಕೊಳ್ಳುವುದು ಅಪಾಯ. ಕೆಲವು ಮದ್ದುಗಳು ಗಿಡದೊಳಕ್ಕೇ ಸೇರುತ್ತವೆ. ಬೆಳಗ್ಗೆ ಬೇಗನೆದ್ದು ಹೂವಿಗೆ ಬರುವ ನೆರೆಹೊರೆಯವರಿಗೆ ಇದು ತಿಳಿಯುವುದಿಲ್ಲವಾದ್ದರಿಂದ, ಸಿಂಪಡಿಸಿದ ದಿನಾಂಕ ಬರೆದ ರಟ್ಟನ್ನು ಕನ್ನಡ, ತೆಲುಗು, ಉರ್ದು ಮೂರರಲ್ಲೂ ಬರೆಸಿ ಮರಕ್ಕೆ ಕಟ್ಟುವುದು ಒಳ್ಳೆಯದು. ಮೊಳೆ ಬೇಡ, ದಾರ ಸಾಕು.