‘ನೂರು ವರ್ಷದ ಪ್ರವಾಹ’ ಬಂದುಹೋದರೆ ಇನ್ನು ನೂರು ವರ್ಷ ಭಯವಿಲ್ಲವೇ?

ಹಾಗೆಂದು ಹಲವರು ನಂಬುತ್ತಾರೆ. ಆದರೆ ಅದು ನಿಜವಲ್ಲ.

ಅಷ್ಟು ದೊಡ್ಡ ಅಥವಾ ಅದಕ್ಕೂ ದೊಡ್ಡ ಪ್ರವಾಹ ಯಾವುದೇ ಒಂದು ವರ್ಷದಲ್ಲಿ ಬರುವ ಸಂಭವ ಶೇ. 1 ಎಂಬುದಷ್ಟೇ ಆ ಹೆಸರಿನ ಅರ್ಥ. ಹೋದ ವರ್ಷ ಬಂದಿದ್ದರೂ ಈ ವರ್ಷದ ಸಂಭವ ಕಡಿಮೆಯಾಗುವುದಿಲ್ಲ. ಬಾರದಿರುವ ಸಂಭವ 0.99. ಅದನ್ನು 30 ಬಾರಿ ಗುಣಿಸಿದರೆ ಸುಮಾರು 0.74. ಅಂದರೆ 30 ವರ್ಷಗಳ ಗೃಹಸಾಲ ತೀರುವಷ್ಟರಲ್ಲಿ ಒಮ್ಮೆಯಾದರೂ ಅಂಥ ಪ್ರವಾಹ ಬರುವ ಸಂಭವ ಶೇ. 26, ನಾಲ್ಕರಲ್ಲಿ ಒಂದು!

ಸಿವಿಲ್ ಎಂಜಿನಿಯರುಗಳು ಇದನ್ನು ಎರಡು ಹಂತಗಳಲ್ಲಿ ಲೆಕ್ಕ ಹಾಕುತ್ತಾರೆ. ಸುರಿದ ಮಳೆಯಲ್ಲಿ ಎಷ್ಟು ನೀರು ಹರಿದು ಬರುತ್ತದೆ ಎಂದು ಹೈಡ್ರಾಲಜಿ ಮಾದರಿ ಹೇಳಿದರೆ, ಆ ನೀರು ಕಾಲುವೆಯಲ್ಲಿ ಎಷ್ಟು ಎತ್ತರಕ್ಕೆ ಏರುತ್ತದೆ ಎಂದು ಹೈಡ್ರಾಲಿಕ್ ಮಾದರಿ ಹೇಳುತ್ತದೆ.

ಗಂಟೆಗೆ 36 ಮಿ.ಮೀ. ಮಳೆಯಾದಾಗ ಒಂದು ಹೆಕ್ಟೇರ್ ಮೇಲೆ ಸೆಕೆಂಡಿಗೆ 100 ಲೀಟರ್ ನೀರು ಬೀಳುತ್ತದೆ. ಹುಲ್ಲುನೆಲದಿಂದ ಅದರಲ್ಲಿ ಸುಮಾರು 30 ಲೀಟರ್ ಹರಿದರೆ, ಕಾಂಕ್ರೀಟಿನಿಂದ 90 ಲೀಟರ್ ಹರಿಯಬಹುದು. ಮಳೆ ಅಷ್ಟೇ, ಪ್ರವಾಹ ಮೂರು ಪಟ್ಟು.

ಆದ್ದರಿಂದ ಬಡಾವಣೆ ಬೆಳೆದಂತೆ ಹಳೆಯ ಲೆಕ್ಕ ಸುಳ್ಳಾಗುತ್ತದೆ. ತಗ್ಗಿನಲ್ಲಿ ನಿವೇಶನ ಕೊಳ್ಳುವ ಮುನ್ನ ‘ಇಲ್ಲಿ ಹಿಂದೆ ನೀರು ನಿಂತಿತ್ತೇ?’ ಎಂದಷ್ಟೇ ಕೇಳಿದರೆ ಸಾಲದು. ‘ಮೇಲ್ಭಾಗದಲ್ಲಿ ಈಗ ಏನು ಕಟ್ಟಿದ್ದಾರೆ?’ ಎಂದೂ ಕೇಳಿ.